ಪ್ರೋಪೋಲಿಸ್ ಕ್ಯಾಪ್ಸೂಲೋ, ಹನಿಯೋ, ಸ್ಪ್ರೇಯೋ? ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

ಪ್ರೋಪೋಲಿಸ್ (ಜೇನುಹುಳಗಳು ಗೂಡಿಗೆ ಬಳಿಯುವ ಅಂಟು) ತೆಗೆದುಕೊಳ್ಳೋಣ ಅಂತ ಮನಸ್ಸು ಮಾಡಿದವರಿಗೆ ತಲೆನೋವು ಶುರುವಾಗುವುದು ಕೊಳ್ಳಲು ಹೋದಾಗ. ಕ್ಯಾಪ್ಸೂಲ್ ಇದೆ, ಆಲ್ಕೋಹಾಲ್‌ನಲ್ಲಿ ಕರಗಿಸಿದ ಹನಿ ಇದೆ, ಆಲ್ಕೋಹಾಲ್ ಇಲ್ಲದ ಹನಿ ಇದೆ. ಗಂಟಲಿಗೆ ಹೊಡೆಯುವ ಸ್ಪ್ರೇ, ಚೀಪುವ ಮಾತ್ರೆ, ಜೇನಿನಲ್ಲಿ ಕಲಸಿದ್ದು, ಗೂಡಿನಿಂದ ಕೆರೆದು ತೆಗೆದ ಹಸಿ ಉಂಡೆ. ಸಾಲದ್ದಕ್ಕೆ ಹಸಿರು, ಕೆಂಪು, ಕಂದು ಅಂತ ಬಣ್ಣ ಬೇರೆ. ಎಲ್ಲದರ ಮೇಲೂ ‘ಆಂಟಿಆಕ್ಸಿಡೆಂಟ್‌ಗಳ ಆಗರ’ ಅನ್ನುವ ಒಂದೇ ಮಾತು, ಬೆಲೆ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ತಾಳೆಯೇ ಇಲ್ಲ. ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ನಿಮಗೆ ಅದು ಯಾತಕ್ಕೆ ಬೇಕು ಅಂತ. ಗಂಟಲು, ಬಾಯಿಗೆ ಬೇಕಾದರೆ ಒಂದು ದಾರಿ. ಸಕ್ಕರೆ ಕಾಯಿಲೆಯಂಥದ್ದು ಇದ್ದು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕೆಂದಿದ್ದರೆ ಇನ್ನೊಂದು ದಾರಿ. ಆರೋಗ್ಯವಾಗಿದ್ದೀರಿ, ಇನ್ನಷ್ಟು ಗಟ್ಟಿಯಾಗಬೇಕು ಅಷ್ಟೇ ಅಂದರೆ ಅದಕ್ಕೂ ನನ್ನ ಹತ್ತಿರ ಉತ್ತರ ಇದೆ, ಆದರೆ ಅದು ಅಂಗಡಿಯವರಿಗೆ ಇಷ್ಟವಾಗುವ ಉತ್ತರ ಅಲ್ಲ.

ಮೊದಲು ವಸ್ತು ಏನು ಅಂತ ನೋಡೋಣ. ಜೇನುಹುಳಗಳು ಮರದ ಮೊಗ್ಗು, ತೊಗಟೆಯಲ್ಲಿ ಒಸರುವ ಅಂಟನ್ನು ಕಾಲಿಗೆ ಮೆತ್ತಿಕೊಂಡು ತಂದು, ಜೊಲ್ಲು ಮತ್ತು ಮೇಣ ಬೆರೆಸಿ ಗೂಡಿನ ಬಿರುಕು ಮುಚ್ಚುತ್ತವೆ, ಒಳಗೋಡೆಗೆ ತೆಳ್ಳಗೆ ಬಳಿಯುತ್ತವೆ. ಒಳಗೆ ನುಗ್ಗಿ ಸತ್ತ ಇಲಿಯನ್ನು ಹೊರಗೆ ಎಳೆದು ಹಾಕಲಾಗದಿದ್ದರೆ ಇದನ್ನೇ ಮೆತ್ತಿ ಮುಚ್ಚಿಬಿಡುತ್ತವೆ, ಕೊಳೆತು ಗೂಡಿಗೆ ರೋಗ ಹರಡದಂತೆ. ಯುರೋಪಿನ ಮಾಮೂಲಿ ಪ್ರೋಪೋಲಿಸ್‌ನಲ್ಲಿ ಸುಮಾರು ಅರ್ಧದಷ್ಟು ಅಂಟು, ಶೇ 30ರಷ್ಟು ಮೇಣ, ಶೇ 10ರಷ್ಟು ಸುವಾಸನೆಯ ಎಣ್ಣೆ, ಉಳಿದದ್ದು ಪರಾಗ ಮತ್ತು ಇತರೆ. ನಮಗೆ ಬೇಕಾದ ಫ್ಲೇವನಾಯ್ಡ್, ಫೀನಾಲಿಕ್ ಆಮ್ಲಗಳು (ಗಿಡಗಳಲ್ಲಿ ಹುಟ್ಟುವ ಆಂಟಿಆಕ್ಸಿಡೆಂಟ್ ವಸ್ತುಗಳು) ಇರುವುದು ಆ ಅಂಟಿನಲ್ಲಿ. ಅಂದರೆ ಹುಳ ಯಾವ ಮರಕ್ಕೆ ಹೋಗಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ‘ಪ್ರೋಪೋಲಿಸ್’ ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ ಅಂತಲೇ ಇಟ್ಟುಕೊಳ್ಳಿ.

ಕೊಳವೆಯಲ್ಲಿ ಆಗುವುದು, ಮೈಯಲ್ಲಿ ಆಗುವುದು

ಆಂಟಿಆಕ್ಸಿಡೆಂಟ್ ಅಂದರೆ ಜೀವಕೋಶಗಳಿಗೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್ ಅನ್ನುವ ಕಣಗಳನ್ನು ತಣ್ಣಗಾಗಿಸುವ ವಸ್ತು. ಆ ಶಕ್ತಿಯನ್ನು ಅಳೆಯುವುದು ಹೇಗೆ ಗೊತ್ತಾ? ಹೆಚ್ಚು ಬಳಕೆಯಲ್ಲಿರುವ ಒಂದು ಪರೀಕ್ಷೆಗೆ ಡಿಪಿಪಿಎಚ್ ಅಂತ ಹೆಸರು. ಕಡು ನೇರಳೆ ಬಣ್ಣದ ದ್ರಾವಣ. ಅದಕ್ಕೆ ಪ್ರೋಪೋಲಿಸ್ ಸಾರ ಹಾಕಿದರೆ ಬಣ್ಣ ನಿಧಾನವಾಗಿ ಹೋಗಿ ತಿಳಿ ಹಳದಿಗೆ ತಿರುಗುತ್ತದೆ. ಎಷ್ಟು ಬಣ್ಣ ಹೋಯಿತು ಅನ್ನುವುದೇ ಅಂಕ. ಈ ಪರೀಕ್ಷೆಯಲ್ಲಿ ಪ್ರೋಪೋಲಿಸ್ ನಿಜಕ್ಕೂ ಚೆನ್ನಾಗಿ ಅಂಕ ಗಳಿಸುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಕೊಳವೆಯಲ್ಲಿ ಹೊಟ್ಟೆ ಇಲ್ಲ, ಕರುಳಿಲ್ಲ, ಲಿವರ್ ಇಲ್ಲ. ನುಂಗಿದ ಫ್ಲೇವನಾಯ್ಡ್‌ಗಳಲ್ಲಿ ಸ್ವಲ್ಪವೇ ರಕ್ತಕ್ಕೆ ಸೇರುತ್ತದೆ, ಸೇರುವಷ್ಟರಲ್ಲಿ ಕರುಳು ಮತ್ತು ಲಿವರ್ ಅದರ ರೂಪವನ್ನೇ ಬದಲಾಯಿಸಿರುತ್ತವೆ, ಸ್ವಲ್ಪ ಹೊತ್ತಿಗೆ ಮೂತ್ರದಲ್ಲಿ ಹೊರಟುಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ‘ಓಆರ್‌ಎಸಿ’ ಅನ್ನುವ ಆಂಟಿಆಕ್ಸಿಡೆಂಟ್ ಅಂಕಪಟ್ಟಿಯನ್ನು ವರ್ಷಗಟ್ಟಲೆ ಪ್ರಕಟಿಸುತ್ತಿತ್ತು. 2012ರಲ್ಲಿ ಅದನ್ನು ತಾನೇ ತೆಗೆದುಹಾಕಿತು. ಕಂಪನಿಗಳು ಅಂಕವನ್ನು ಜಾಹೀರಾತಿಗೆ ಬಳಸಿಕೊಳ್ಳುತ್ತಿದ್ದವು, ಮೈಯಲ್ಲಿ ಏನಾಗುತ್ತದೆ ಅನ್ನುವುದನ್ನು ಆ ಅಂಕ ಹೇಳುವುದಿಲ್ಲ ಅನ್ನುವುದೇ ಕಾರಣ. ಹಾಗಾಗಿ ಡಬ್ಬಿಯ ಮೇಲೆ ಆಂಟಿಆಕ್ಸಿಡೆಂಟ್ ಅಂಕ ದೊಡ್ಡದಾಗಿ ಕಂಡರೆ ಅದನ್ನು ಬಿಟ್ಟು ಮುಂದಿನದನ್ನು ಓದಿ.

ಹಾಗಾದರೆ ಮೈಯಲ್ಲಿ ಏನೂ ಆಗುವುದಿಲ್ವಾ? ಆಗುತ್ತದೆ, ಆದರೆ ದಾರಿ ಬೇರೆ. ಪ್ರೋಪೋಲಿಸ್ ತಾನೇ ಹೋಗಿ ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿಯುವುದಕ್ಕಿಂತ, ನಮ್ಮ ಜೀವಕೋಶಗಳಲ್ಲೇ ಇರುವ ರಕ್ಷಣೆಯನ್ನು (ಗ್ಲುಟಾಥಯೋನ್, ಎಸ್‌ಒಡಿ ಅನ್ನುವ ಕಿಣ್ವ) ಚುರುಕುಗೊಳಿಸುತ್ತದೆ ಅನ್ನುವ ಕಡೆಗೆ ಸಂಶೋಧನೆ ವಾಲಿದೆ.

ಜನರ ಮೇಲೆ ನಡೆದ ಮೂರು ಪ್ರಯೋಗಗಳನ್ನು ಹೇಳುತ್ತೇನೆ. 2007ರಲ್ಲಿ ಪ್ರಕಟವಾದ ಕ್ರೊಯೇಷಿಯಾದ ಅಧ್ಯಯನದಲ್ಲಿ ಆರೋಗ್ಯವಂತರಿಗೆ 30 ದಿನ ಪ್ರೋಪೋಲಿಸ್ ಪುಡಿ ಕೊಟ್ಟರು, ದಿನಕ್ಕೆ ಸುಮಾರು 49 ಮಿಲಿಗ್ರಾಂ ಫ್ಲೇವನಾಯ್ಡ್ ಸಿಗುವಂತೆ. ಗಂಡಸರಲ್ಲಿ ಎಂಡಿಎ ಅನ್ನುವ ಕೊಬ್ಬು ಹಾಳಾಗುವುದರ ಸೂಚಕ 15 ದಿನಕ್ಕೆ ಶೇ 23ರಷ್ಟು ಇಳಿಯಿತು, ತಿಂಗಳ ಕೊನೆಗೆ ಎಸ್‌ಒಡಿ ಶೇ 21ರಷ್ಟು ಏರಿತು. ಹೆಂಗಸರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಎರಡನೆಯದು 2016ರದ್ದು, ಚೀನಾದಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಇದ್ದವರಿಗೆ ಬ್ರೆಜಿಲ್‌ನ ಹಸಿರು ಪ್ರೋಪೋಲಿಸ್ ದಿನಕ್ಕೆ 900 ಮಿಲಿಗ್ರಾಂ, 18 ವಾರ. ಗ್ಲುಟಾಥಯೋನ್ ಏರಿತು, ಪ್ರೋಟೀನ್ ಹಾಳಾಗುವುದರ ಸೂಚಕ ಇಳಿಯಿತು, ಆದರೆ ಸಕ್ಕರೆ ಅಂಶ ಗಮನಾರ್ಹವಾಗಿ ಅಲುಗಲಿಲ್ಲ. ಮೂರನೆಯದು ಇರಾನಿನದ್ದು, 2019. ಅಲ್ಲಿನ ಪ್ರೋಪೋಲಿಸ್ ದಿನಕ್ಕೆ 1000 ಮಿಲಿಗ್ರಾಂ, 90 ದಿನ. ಇಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆಯ ಅಂಕಿ) ಇಳಿಯಿತು.

ಎರಡನೆಯದು, ಮೂರನೆಯದು ಒಂದಕ್ಕೊಂದು ಎದುರು ನಿಂತ ಹಾಗೆ ಕಾಣುತ್ತದೆ ಅಲ್ವಾ? ಒಂದು ಬ್ರೆಜಿಲ್‌ನ ಪೊದೆಯದ್ದು, ಇನ್ನೊಂದು ಇರಾನಿನ ಗಿಡಮರಗಳದ್ದು, ಹೆಸರು ಮಾತ್ರ ಒಂದೇ ಅನ್ನುವುದನ್ನು ಮರೆಯಬೇಡಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಪ್ರೋಪೋಲಿಸ್‌ನ ಆರೋಗ್ಯ ಹೇಳಿಕೆಗಳನ್ನು ಒಪ್ಪದೇ ಇದ್ದದ್ದಕ್ಕೂ ಇದೇ ದೊಡ್ಡ ಕಾರಣ, ವಸ್ತು ಯಾವುದು ಅಂತ ನಿಖರವಾಗಿ ಗುರುತಿಸಿಲ್ಲ ಅಂತ. ಇನ್ನೊಂದು ಮಾತು. ಸೂಚಕ ಇಳಿಯಿತು ಅಂದರೆ ಕಾಯಿಲೆ ತಪ್ಪಿತು ಅಂತ ಅರ್ಥ ಅಲ್ಲ. ಪ್ರೋಪೋಲಿಸ್ ತಿಂದವರಿಗೆ ಹೃದಯಾಘಾತ ಕಡಿಮೆಯಾಯಿತು, ಆಯಸ್ಸು ಹೆಚ್ಚಾಯಿತು ಅಂತ ತೋರಿಸಿದ ದೊಡ್ಡ ಪ್ರಯೋಗ ಇಲ್ಲ.

ಹೋಲಿಸುವಾಗ ಏನು ನೋಡಬೇಕು

ಮೊದಲನೆಯದು ಮೂಲ. ಯುರೋಪ್, ಉತ್ತರ ಅಮೆರಿಕ, ಚೀನಾದ ಬಹುಪಾಲು ಪ್ರೋಪೋಲಿಸ್ ಪಾಪ್ಲರ್ ಮರದ ಮೊಗ್ಗಿನದ್ದು. ಕ್ರೈಸಿನ್, ಪಿನೋಸೆಂಬ್ರಿನ್, ಗಲಾಂಜಿನ್ ಅನ್ನುವ ಫ್ಲೇವನಾಯ್ಡ್‌ಗಳು ಮತ್ತು ಸಿಎಪಿಇ ಅನ್ನುವ ಫೀನಾಲಿಕ್ ವಸ್ತು ಅದರ ಗುರುತು. ಬ್ರೆಜಿಲ್‌ನ ಹಸಿರು ಪ್ರೋಪೋಲಿಸ್ ಬಕಾರಿಸ್ ಅನ್ನುವ ಪೊದೆಯ ಚಿಗುರಿನದ್ದು, ಅದರ ಮುಖ್ಯ ವಸ್ತು ಆರ್ಟೆಪಿಲಿನ್ ಸಿ. ಬ್ರೆಜಿಲ್‌ನದ್ದೇ ಆದ ಕೆಂಪು ಬೇರೆ, ಅದು ಡಾಲ್ಬರ್ಜಿಯಾ ಜಾತಿಯ ಗಿಡದ ಕೆಂಪು ಅಂಟಿನದ್ದು. ಯಾವ ಬಣ್ಣ ಮೇಲು? ಜನರ ಮೇಲೆ ಇವನ್ನು ಎದುರುಬದುರು ಇಟ್ಟು ತೀರ್ಪು ಕೊಟ್ಟವರಿಲ್ಲ. ಹಸಿರಿಗೆ ಜಾಸ್ತಿ ಬೆಲೆ ಕೊಡಬೇಕಾಗುತ್ತದೆ, ಕೊಡುವುದಕ್ಕೆ ನನಗೆ ಕಾಣುವ ಒಂದೇ ನ್ಯಾಯವಾದ ಕಾರಣ ಅಂದರೆ ಹಲವು ಒಳ್ಳೆಯ ಪ್ರಯೋಗಗಳು ಅದರ ಮೇಲೇ ನಡೆದಿವೆ. ದೀರ್ಘಕಾಲದ ಕಿಡ್ನಿ ಕಾಯಿಲೆ ಇದ್ದವರಿಗೆ ದಿನಕ್ಕೆ 500 ಮಿಲಿಗ್ರಾಂ, 12 ತಿಂಗಳು ಕೊಟ್ಟು ಮೂತ್ರದಲ್ಲಿ ಪ್ರೋಟೀನ್ ಸೋರುವುದು ಕಡಿಮೆಯಾದದ್ದನ್ನು ನೋಡಿದ 2019ರ ಬ್ರೆಜಿಲ್ ಪ್ರಯೋಗದಲ್ಲೂ ಹಸಿರೇ ಇತ್ತು. ಕೆಂಪಿಗೆ ಆ ಬೆಂಬಲ ಇಲ್ಲ, ಅಪರೂಪದ್ದು ಅನ್ನುವುದಕ್ಕೇ ದುಡ್ಡು ಕೊಟ್ಟ ಹಾಗಾಗುತ್ತದೆ.

ಎರಡನೆಯದು ನಿಜವಾದ ಪ್ರಮಾಣ. ಜನ ಹೆಚ್ಚು ಮೋಸ ಹೋಗುವುದು ಇಲ್ಲೇ, ಅದಕ್ಕೆ ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ. ಡಬ್ಬಿಯ ಮುಂದೆ ‘1000 ಮಿಗ್ರಾಂ’ ಅಂತ ಇದೆ ಅಂದುಕೊಳ್ಳಿ. ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ‘5:1 ಸಾರ, 200 ಮಿಗ್ರಾಂ, 1000 ಮಿಗ್ರಾಂ ಹಸಿ ಪ್ರೋಪೋಲಿಸ್‌ಗೆ ಸಮ’ ಅಂತ ಇರುತ್ತದೆ. ಒಳಗಿರುವುದು 200. ಅದರಲ್ಲಿ ಫ್ಲೇವನಾಯ್ಡ್ ಶೇ 6 ಅಂದರೆ 12 ಮಿಲಿಗ್ರಾಂ. ಪಕ್ಕದ ಡಬ್ಬಿಯಲ್ಲಿ ಬರೀ ‘250 ಮಿಗ್ರಾಂ ಸಾರ, ಫ್ಲೇವನಾಯ್ಡ್ ಶೇ 10’ ಅಂತ ಇದೆ, ನೋಡುವುದಕ್ಕೆ ಕಡಿಮೆ ಅನ್ನಿಸುತ್ತದೆ, ಆದರೆ ಅದರಲ್ಲಿ 25 ಮಿಲಿಗ್ರಾಂ ಸಿಗುತ್ತದೆ. ಕ್ರೊಯೇಷಿಯಾದ ಪ್ರಯೋಗದಷ್ಟು ಬೇಕೆಂದರೆ ಮೊದಲನೆಯದು ದಿನಕ್ಕೆ ನಾಲ್ಕು, ಎರಡನೆಯದು ಎರಡೇ ಸಾಕು. ಆದ್ದರಿಂದ ಡಬ್ಬಿಯ ಬೆಲೆ ನೋಡಬೇಡಿ, ಒಂದು ಮಿಲಿಗ್ರಾಂ ಫ್ಲೇವನಾಯ್ಡ್‌ಗೆ ಎಷ್ಟು ಬಿತ್ತು ಅಂತ ನೋಡಿ. ಹಸಿರು ಪ್ರೋಪೋಲಿಸ್ ಆದರೆ ಫ್ಲೇವನಾಯ್ಡ್ ಬದಲು ಆರ್ಟೆಪಿಲಿನ್ ಸಿ ಎಷ್ಟು ಅಂತ ನೋಡಬೇಕು, ಯಾಕೆಂದರೆ ಅದರ ಬಲ ಇರುವುದು ಅಲ್ಲಿ. ಎರಡರಲ್ಲಿ ಯಾವುದನ್ನೂ ಬರೆಯದ ಡಬ್ಬಿಯನ್ನು ಎಷ್ಟೇ ಅಗ್ಗವಾದರೂ ನಾನು ಮುಟ್ಟುವುದಿಲ್ಲ.

ಮೂರನೆಯದು ಶುದ್ಧತೆ. ಬರೀ ಪಾಪ್ಲರ್ ಮೊಗ್ಗಿನ ಸಾರವನ್ನೇ ಪ್ರೋಪೋಲಿಸ್ ಅಂತ ಮಾರುವುದು ನಡೆಯುತ್ತದೆ, ಲ್ಯಾಬ್ ಪರೀಕ್ಷೆ ಇಲ್ಲದೆ ಹಿಡಿಯುವುದು ಕಷ್ಟ. ಅಂಟು ವಸ್ತುವಾದ್ದರಿಂದ ಸೀಸದಂಥ ಲೋಹವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣ ಬಳಿದ ಪೆಟ್ಟಿಗೆಯಿಂದ ಕೆರೆದರೆ ಆ ಬಣ್ಣ, ಹುಳಕ್ಕೆ ಹತ್ತುವ ನುಸಿಗೆ ಹಾಕಿದ ಔಷಧ ಎಲ್ಲ ಜೊತೆಗೆ ಬರಬಹುದು. ಬ್ಯಾಚ್ ನಂಬರ್ ಕೊಟ್ಟರೆ ಲೋಹದ ಪರೀಕ್ಷೆಯ ವರದಿ ತೋರಿಸುವ ತಯಾರಕರಿದ್ದಾರೆ. ಅವರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ನಾಲ್ಕನೆಯದು ನಿಮ್ಮ ಮೈ. ಅದನ್ನು ಕೊನೆಗೆ ಬಿಡಿಸಿ ಹೇಳುತ್ತೇನೆ.

ಈಗ ಒಂದೊಂದಾಗಿ

ಕ್ಯಾಪ್ಸೂಲ್ ಮತ್ತು ಮಾತ್ರೆ. ತಿಂಗಳುಗಟ್ಟಲೆ ಒಂದೇ ಪ್ರಮಾಣ ತೆಗೆದುಕೊಳ್ಳಬೇಕಾದವರಿಗೆ ಇದೇ ಸರಿ. ಅಳತೆ ತಪ್ಪುವುದಿಲ್ಲ, ಕಹಿ ಇಲ್ಲ, ಹಲ್ಲಿಗೆ ಅಂಟುವುದಿಲ್ಲ, ಪ್ರಯಾಣದಲ್ಲಿ ಸೋರುವುದಿಲ್ಲ. ಮೇಲೆ ಹೇಳಿದ ಪ್ರಯೋಗಗಳಿಗೆ ಹತ್ತಿರದ ರೂಪವೂ ಇದೇ. ತೊಂದರೆ ಏನೆಂದರೆ ಒಳಗೇನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಲೇಬಲ್ ನಂಬಬೇಕು. ಹಸಿ ಪ್ರೋಪೋಲಿಸ್ ಪುಡಿ ಮಾಡಿ ತುಂಬಿದ್ದೂ ಇರುತ್ತದೆ, ಮೇಣ ತೆಗೆದ ಸಾರ ತುಂಬಿದ್ದೂ ಇರುತ್ತದೆ. ಮೇಣ ನಮಗೆ ಜೀರ್ಣವಾಗುವುದಿಲ್ಲ, ಅದಕ್ಕೆ ದುಡ್ಡು ಕೊಡುವುದು ದಂಡ. ಗಂಟಲಿಗೆ ಮಾತ್ರ ಇದರಿಂದ ಏನೂ ಪ್ರಯೋಜನವಿಲ್ಲ, ಕರಗುವುದೇ ಹೊಟ್ಟೆಯಲ್ಲಿ.

ಆಲ್ಕೋಹಾಲ್ ಹನಿ, ಅಂದರೆ ಟಿಂಕ್ಚರ್. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ನನ್ನ ಮೊದಲ ಆಯ್ಕೆ ಇದು. ಶೇ 70ರ ಆಸುಪಾಸಿನ ಆಲ್ಕೋಹಾಲ್ ಅಂಟಿನ ಸತ್ವವನ್ನು ಚೆನ್ನಾಗಿ ಎಳೆಯುತ್ತದೆ, ಮೇಣವನ್ನು ಹಿಂದೆ ಬಿಡುತ್ತದೆ, ಕೆಡುವುದೂ ಇಲ್ಲ. ಒಂದು ಲೋಟ ನೀರಿಗೆ ಕೆಲವು ಹನಿ ಬಿಟ್ಟು ನೋಡಿ. ಬಿದ್ದ ತಕ್ಷಣ ಹಾಲಿನಂತೆ ಹಳದಿ ಮೋಡ ಹರಡುತ್ತದೆ, ಐದು ನಿಮಿಷ ಬಿಟ್ಟರೆ ಲೋಟದ ಅಂಚಿಗೆ ಕಂದು ಅಂಟಿನ ಉಂಗುರ ಕೂರುತ್ತದೆ, ಸೋಪು ಹಾಕಿ ಉಜ್ಜಿದರೂ ಜಗ್ಗುವುದಿಲ್ಲ. ಆ ಉಂಗುರದಲ್ಲಿ ಇರುವುದು ನೀವು ದುಡ್ಡು ಕೊಟ್ಟು ಕೊಂಡದ್ದೇ! ಹಾಗಾಗಿ ನೀರಿಗಿಂತ ಒಂದು ಚಮಚ ಜೇನಿಗೋ ಬ್ರೆಡ್ ಚೂರಿಗೋ ಹಾಕಿ ತೆಗೆದುಕೊಂಡರೆ ಪೋಲಾಗುವುದು ಕಡಿಮೆ. ದೊಡ್ಡ ಕೊರತೆ ಅಳತೆಯದ್ದು. ಡ್ರಾಪರ್ ನೋಡಿಕೊಂಡು ಒಂದು ಮಿಲಿಲೀಟರ್‌ಗೆ 20 ಹನಿಯೂ ಆಗಬಹುದು, 40ರ ಹತ್ತಿರವೂ ಹೋಗಬಹುದು, ಆದ್ದರಿಂದ ‘20 ಹನಿ’ ಅನ್ನುವುದಕ್ಕಿಂತ ಒಂದು ಮಿಲಿಲೀಟರ್‌ನಲ್ಲಿ ಎಷ್ಟು ಮಿಲಿಗ್ರಾಂ ಸಾರ ಅಂತ ಬರೆದದ್ದನ್ನು ಹುಡುಕಿ. ಮಕ್ಕಳು, ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ಕುಡಿತ ಬಿಟ್ಟವರು, ಮೆಟ್ರೊನಿಡಜೋಲ್‌ನಂಥ ಮಾತ್ರೆ ನುಂಗುತ್ತಿರುವವರು ಇದರ ಹತ್ತಿರ ಹೋಗಬಾರದು.

ಆಲ್ಕೋಹಾಲ್ ಇಲ್ಲದ ಹನಿ. ನೀರು, ಗ್ಲಿಸರಿನ್ ಅಥವಾ ಗ್ಲೈಕಾಲ್‌ನಲ್ಲಿ ತೆಗೆದದ್ದು. ರುಚಿ ಮೆತ್ತಗೆ, ಬಾಯಿ ಉರಿಯುವುದಿಲ್ಲ. ಬರೀ ನೀರಿನಲ್ಲಿ ತೆಗೆದರೆ ಫೀನಾಲಿಕ್ ಆಮ್ಲಗಳು ಸಾಕಷ್ಟು ಬರುತ್ತವೆ, ಫ್ಲೇವನಾಯ್ಡ್ ಕಡಿಮೆ ಬರುತ್ತದೆ. ಪಾಪ್ಲರ್ ಜಾತಿಯದ್ದಕ್ಕೆ ಇದು ದೊಡ್ಡ ನಷ್ಟ. ಹಸಿರು ಪ್ರೋಪೋಲಿಸ್‌ನಲ್ಲಿ ನೀರಿಗೆ ಬರುವ ಕೆಫಿಯೋಲ್‌ಕ್ವಿನಿಕ್ ಆಮ್ಲಗಳೂ ಇರುವುದರಿಂದ ನಷ್ಟ ಅಷ್ಟಿಲ್ಲ. ಆಲ್ಕೋಹಾಲ್ ಬೇಡ ಅನ್ನುವುದು ನಂಬಿಕೆಯಿಂದಲೋ ಆರೋಗ್ಯದಿಂದಲೋ ನಿಮಗೆ ಮುಖ್ಯವಾದರೆ ಇದನ್ನೇ ಕೊಳ್ಳಿ, ಇಲ್ಲವೇ ಕ್ಯಾಪ್ಸೂಲಿಗೆ ಹೋಗಿ. ಹಾಗೇನೂ ಇಲ್ಲದಿದ್ದರೆ ಜಾಸ್ತಿ ದುಡ್ಡು ಕೊಟ್ಟು ಕಡಿಮೆ ಸತ್ವ ತೆಗೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಸ್ಪ್ರೇ, ಚೀಪುವ ಮಾತ್ರೆ, ಬಾಯಿ ಮುಕ್ಕಳಿಸುವ ದ್ರಾವಣ. ರಕ್ತಕ್ಕೆ ಸೇರುವ ತಾಪತ್ರಯವೇ ಇಲ್ಲದ ಜಾಗ ಇದು. ಎಲ್ಲಿ ಬೇಕೋ ಅಲ್ಲೇ ತಾಗುತ್ತದೆ. ವಸಡಿನ ಊತಕ್ಕೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಾಯಿ ಹುಣ್ಣಾಗುವುದಕ್ಕೆ ಪ್ರೋಪೋಲಿಸ್ ದ್ರಾವಣದಿಂದ ಸಹಾಯವಾಯಿತು ಅಂತ ತೋರಿಸುವ ಸಣ್ಣ ಪ್ರಯೋಗಗಳು ಹಲವು ಇವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಕೇಳದೆ ಮುಟ್ಟಬೇಡಿ, ಅದು ಬೇರೆ ಮಾತು. ಆದರೆ ಒಂದು ಪಿಚಕಾರಿಯಲ್ಲಿ ಇರುವ ಸಾರ ತೀರಾ ಸ್ವಲ್ಪ. ಮೈಯೆಲ್ಲದರ ಆಂಟಿಆಕ್ಸಿಡೆಂಟ್ ಲೆಕ್ಕಕ್ಕೆ ಇದನ್ನು ಕೊಂಡರೆ ನಿರಾಸೆಯೇ.

ಜೇನಿನಲ್ಲಿ ಕಲಸಿದ್ದು ರುಚಿಗೆ ಚೆನ್ನ, ಅಷ್ಟೇ. ಸಾಮಾನ್ಯವಾಗಿ ಪ್ರೋಪೋಲಿಸ್ ಶೇಕಡಾ ಒಂದೆರಡು ಭಾಗ, ಉಳಿದದ್ದು ಸಕ್ಕರೆ ಅಂಶ. ಸಕ್ಕರೆ ಕಾಯಿಲೆಯವರಿಗೆ ಬೇಡ, ಒಂದು ವರ್ಷದೊಳಗಿನ ಮಗುವಿಗೆ ಜೇನು ಇರುವ ಯಾವುದೂ ಕೂಡದು.

ಹಸಿ ಉಂಡೆ ಕೊಳ್ಳುವವರು ‘ಶುದ್ಧ, ಏನೂ ಬೆರೆಸಿಲ್ಲ’ ಅಂತ ಕೊಳ್ಳುತ್ತಾರೆ. ನಿಜ ಏನೆಂದರೆ ಬೇರೆ ಬಹುಪಾಲು ರೂಪಗಳಲ್ಲಿ ತೆಗೆದುಹಾಕುವ ಮೇಣ, ಮರದ ಚೂರು, ಹುಳದ ರೆಕ್ಕೆ ಇದರಲ್ಲಿ ಹಾಗೇ ಇರುತ್ತದೆ. ತೂಕಕ್ಕೆ ಅಗ್ಗ ಅನ್ನಿಸಿದರೂ ಸತ್ವಕ್ಕೆ ಅಗ್ಗ ಅಲ್ಲ. ನಂಬಿಕೆಯ ಜೇನು ಸಾಕಣೆಗಾರರು ಗೊತ್ತಿದ್ದು, ಅವರು ಕೆರೆಯದೆ ಜಾಲರಿ ಇಟ್ಟು ಸಂಗ್ರಹಿಸುವವರಾದರೆ ಮಾತ್ರ ಯೋಚಿಸಬಹುದು.

ಯಾರು ಯಾವುದಕ್ಕೆ ಹೋಗಬಹುದು

ಗಂಟಲು ಆಗಾಗ ಕೆರೆಯುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ ಅನ್ನುವವರಿಗೆ ಒಂದು ಸ್ಪ್ರೇ ಅಥವಾ ಸಣ್ಣ ಬಾಟಲಿ ಟಿಂಕ್ಚರ್ ಸಾಕು, ಬೇಕಾದಾಗ ಮಾತ್ರ. ಸಕ್ಕರೆ ಕಾಯಿಲೆ ಇದ್ದು ಮಾತ್ರೆಯ ಜೊತೆಗೆ ಇದನ್ನೂ ನೋಡೋಣ ಅನ್ನುವವರು ಸಾರದ ಪ್ರಮಾಣ ಬರೆದಿರುವ ಕ್ಯಾಪ್ಸೂಲ್ ತೆಗೆದುಕೊಳ್ಳಿ. ಪ್ರಯೋಗಗಳು ನಡೆದಿರುವುದು ಹೆಚ್ಚಾಗಿ ದಿನಕ್ಕೆ 500ರಿಂದ 1500 ಮಿಲಿಗ್ರಾಂ ಒಳಗೆ. ಮೊದಲು ವೈದ್ಯರಿಗೆ ಹೇಳಿ, ಯಾಕೆಂದರೆ ಸಕ್ಕರೆ ಇಳಿದರೆ ಮಾತ್ರೆಯ ಪ್ರಮಾಣವನ್ನೂ ನೋಡಬೇಕಾಗುತ್ತದೆ.

ಆರೋಗ್ಯವಾಗಿದ್ದು ‘ಇರಲಿ ಒಂದಷ್ಟು ಆಂಟಿಆಕ್ಸಿಡೆಂಟ್’ ಅನ್ನುವವರಿಗೆ ನನ್ನ ಉತ್ತರ ನೇರ: ಕೊಳ್ಳಬೇಡಿ, ಆ ದುಡ್ಡನ್ನು ಹಣ್ಣು, ತರಕಾರಿ, ಕಾಳಿಗೆ ಹಾಕಿ. ಸುಮ್ನೆ ಹೇಳುತ್ತಿಲ್ಲ. ಆಂಟಿಆಕ್ಸಿಡೆಂಟ್ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1994ರಲ್ಲಿ. ಫಿನ್ಲೆಂಡ್‌ನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕೆರೋಟಿನ್ ಅನ್ನುವ ಆಂಟಿಆಕ್ಸಿಡೆಂಟ್ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ 18ರಷ್ಟು ಹೆಚ್ಚಾಯಿತು. ಅಮೆರಿಕದ ಇನ್ನೊಂದು ದೊಡ್ಡ ಪ್ರಯೋಗವನ್ನು 1996ರಲ್ಲಿ ಇದೇ ಕಾರಣಕ್ಕೆ ಅರ್ಧಕ್ಕೇ ನಿಲ್ಲಿಸಿದರು. 2009ರ ಒಂದು ಅಧ್ಯಯನದಲ್ಲಿ ವ್ಯಾಯಾಮದಿಂದ ಸಿಗುವ ಇನ್ಸುಲಿನ್ ಲಾಭವನ್ನು ವಿಟಮಿನ್ ಸಿ, ಇ ಮಾತ್ರೆಗಳು ತಡೆದದ್ದು ಕಂಡಿತು. ವ್ಯಾಯಾಮದಲ್ಲಿ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳು ಮೈಗೆ ಒಂದು ಸಂದೇಶವೂ ಹೌದು. ಇವು ಪ್ರೋಪೋಲಿಸ್ ಮೇಲೆ ನಡೆದ ಪ್ರಯೋಗಗಳಲ್ಲ, ಅದರಿಂದ ಹೀಗೇ ಆಗುತ್ತದೆ ಅಂತಲೂ ಅಲ್ಲ. ಆದರೆ ಆಂಟಿಆಕ್ಸಿಡೆಂಟ್ ಅನ್ನುವ ಹಣೆಪಟ್ಟಿಯನ್ನೇ ನಂಬಿ ವರ್ಷಗಟ್ಟಲೆ ನುಂಗುವುದು ಬೇಡ.

ಯಾರಿಗೆ ಬೇಡವೇ ಬೇಡ

ಪ್ರೋಪೋಲಿಸ್ ಚರ್ಮಕ್ಕೆ ಅಲರ್ಜಿ ತರುವ ಹೆಸರಾಂತ ವಸ್ತು. ಯುರೋಪಿನ ಚರ್ಮ ವೈದ್ಯರು ಮಾಡುವ ಮಾಮೂಲಿ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ವಸ್ತು ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ) ಪಟ್ಟಿಯಲ್ಲೇ ಇದಕ್ಕೆ ಜಾಗ ಇದೆ. ಜೇನು ಸಾಕುವವರಲ್ಲಿ ಕೈಯ ತುರಿಕೆಯಾಗಿ ಇದು ಕಾಣಿಸಿಕೊಳ್ಳುತ್ತದೆ. ‘ಬಾಲ್ಸಮ್ ಆಫ್ ಪೆರು’ ಅನ್ನುವ ಸುಗಂಧದ ಅಂಟು ಆಗದವರಿಗೆ ಇದೂ ಆಗದೇ ಇರಬಹುದು. ಜೇನುಹುಳದ ವಸ್ತುಗಳ ಅಲರ್ಜಿ, ಆಸ್ತಮಾ ಇರುವವರು ದೂರ ಇರಿ. ತುಟಿ ಊದಿದರೆ, ಬಾಯಿ ಸುತ್ತ ತುರಿಕೆ ಬಂದರೆ ಅದೇ ದಿನ ನಿಲ್ಲಿಸಿ. ಉಸಿರು ಕಟ್ಟಿದ ಹಾಗಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮುಂಚೆಯೇ ಬಿಡುವುದು ಒಳ್ಳೆಯದು. ಕಿಡ್ನಿ ಕಾಯಿಲೆಯ ಪ್ರಯೋಗ ಒಳ್ಳೆಯ ಫಲ ಕೊಟ್ಟಿದೆ ನಿಜ, ಆದರೆ ಪ್ರೋಪೋಲಿಸ್ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರಿಗೆ ಕಿಡ್ನಿ ಕೈಕೊಟ್ಟ ವರದಿಯೂ ವೈದ್ಯಕೀಯ ದಾಖಲೆಯಲ್ಲಿದೆ. ಅಂಥವರು ತಾವಾಗಿಯೇ ಪ್ರಯೋಗ ಮಾಡಿಕೊಳ್ಳಬೇಡಿ. ಗರ್ಭಿಣಿಯರು, ಹಾಲೂಡಿಸುವವರಿಗೆ ಸುರಕ್ಷಿತ ಅನ್ನುವಷ್ಟು ಮಾಹಿತಿ ಇಲ್ಲ, ಬಿಡುವುದೇ ಸರಿ.

ಇಷ್ಟೆಲ್ಲ ನೋಡಿದ ಮೇಲೆ ಕೊಳ್ಳುವುದೇ ಆದರೆ ಸಿಗುವುದರಲ್ಲಿ ಚಿಕ್ಕ ಡಬ್ಬಿ ಕೊಳ್ಳಿ. ಮೊದಲ ವಾರ ಅರ್ಧ ಪ್ರಮಾಣದಲ್ಲಿ ಶುರು ಮಾಡಿ, ಅಲರ್ಜಿ ಇದ್ದರೆ ಆಗಲೇ ಗೊತ್ತಾಗುವ ಸಂಭವ ಹೆಚ್ಚು. ಕಾಯಿಲೆಗೆ ಅಂತ ತೆಗೆದುಕೊಳ್ಳುವವರು ಶುರು ಮಾಡುವ ಮುಂಚೆ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ, ಮಾಮೂಲಿಯಾಗಿ ಮಾಡಿಸುವ ಪರೀಕ್ಷೆಯನ್ನೇ ಮಾಡಿಸಿ. ಸಕ್ಕರೆಗೆ ಎಚ್‌ಬಿಎ1ಸಿ ಸಾಕು, ದುಬಾರಿ ಆಂಟಿಆಕ್ಸಿಡೆಂಟ್ ಪರೀಕ್ಷೆ ಬೇಡ. ಆ ಮೂರು ತಿಂಗಳಲ್ಲಿ ಊಟ, ನಡಿಗೆ, ಮಾತ್ರೆ ಯಾವುದನ್ನೂ ದೊಡ್ಡದಾಗಿ ಬದಲಾಯಿಸಬೇಡಿ, ಇಲ್ಲದಿದ್ದರೆ ಇಳಿದದ್ದು ಯಾವುದರಿಂದ ಅಂತ ತಿಳಿಯುವುದಿಲ್ಲ. ಅಂಕಿ ಅಲುಗದಿದ್ದರೆ ಎರಡನೇ ಡಬ್ಬಿ ಕೊಳ್ಳಬೇಡಿ.